ಭಯದ ಕಥೆಗಳನ್ನು ಕಾಪಾಡಿದ ಹಠಮಾರಿ ಓದುಗರು

ಭಯದ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಸಾಹಿತ್ಯಕ್ಕೆ ಬಂದದ್ದು ಒಂದು ಜಗಳದಿಂದ. 1913ರಲ್ಲಿ ಆತನಿಗೆ 23 ವರ್ಷ. ಹೈಸ್ಕೂಲು ಮುಗಿಸಿರಲಿಲ್ಲ. ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ ಅಮ್ಮನ ಜೊತೆ ಮನೆಯೊಳಗೇ ಇದ್ದುಬಿಟ್ಟಿದ್ದ. ಕೆಲಸ ಇಲ್ಲ, ಹೊರಗೆ ಓಡಾಟವೂ ಕಡಿಮೆ. ಅಗ್ಗದ ಕಥಾಪತ್ರಿಕೆಗಳನ್ನು ತಂದು ಓದುತ್ತಾ ಕೂರುತ್ತಿದ್ದ. ಅಂಥದ್ದೊಂದು ಪತ್ರಿಕೆ 'ಆರ್ಗೊಸಿ'. ಅದರಲ್ಲಿ ಫ್ರೆಡ್ ಜಾಕ್ಸನ್ ಎಂಬಾತನ ಪ್ರೇಮಕಥೆಗಳು ಮೇಲಿಂದ ಮೇಲೆ ಬರುತ್ತಿದ್ದವು. ಇವನಿಗೆ ರೇಗಿಹೋಯಿತು. ಓದುಗರ ಪುಟಕ್ಕೆ ಖಾರವಾಗಿ ಒಂದು ಕಾಗದ ಬರೆದ.

ಜಾಕ್ಸನ್‌ನ ಅಭಿಮಾನಿಗಳು ಸುಮ್ಮನಿರುತ್ತಾರಾ? ಫ್ಲಾರಿಡಾದ ಜಾನ್ ರಸೆಲ್ ಪದ್ಯದಲ್ಲೇ ತಿರುಗೇಟು ಕೊಟ್ಟ. ಲವ್‌ಕ್ರಾಫ್ಟ್ ಅದಕ್ಕೂ ಮೇಲೆ ಹೋಗಿ, ಹದಿನೆಂಟನೇ ಶತಮಾನದ ಕವಿಗಳ ಧಾಟಿ ಹಿಡಿದು ದ್ವಿಪದಿಗಳಲ್ಲಿ ಬೈದ. ಉಳಿದ ಓದುಗರೂ ಸೇರಿಕೊಂಡರು. ಈ ಜಟಾಪಟಿ ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು. ಹವ್ಯಾಸಿ ಪತ್ರಕರ್ತರ ಸಂಘವೊಂದರ ಎಡ್ವರ್ಡ್ ಡಾಸ್ ಇದನ್ನು ನೋಡಿ, ಜಗಳವಾಡುತ್ತಿದ್ದ ಇಬ್ಬರನ್ನೂ ಸಂಘಕ್ಕೆ ಕರೆದ. 1914ರಲ್ಲಿ ಲವ್‌ಕ್ರಾಫ್ಟ್ ಸೇರಿದ. ಅಲ್ಲಿನವರು ತಮ್ಮ ದುಡ್ಡಿನಲ್ಲೇ ನಾಲ್ಕಾರು ಪುಟದ ಪತ್ರಿಕೆ ಅಚ್ಚು ಹಾಕಿಸಿ, ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ಪೈಸೆ ಲಾಭ ಇಲ್ಲ. ಆ ಬಳಗದ ಪಾಲ್ ಕುಕ್ ಇವನ ಹಳೆಯ ಕಥೆ ಓದಿ 'ಮತ್ತೆ ಬರಿ' ಅಂತ ಬೆನ್ನು ಹತ್ತಿದ. 1917ರಲ್ಲಿ ಲವ್‌ಕ್ರಾಫ್ಟ್ ಮತ್ತೆ ಕಥೆಗೆ ಕೈ ಹಾಕಿದ.

ಈ ಭಯದ, ಅದ್ಭುತದ ಕಥೆಗಳ ಇತಿಹಾಸದಲ್ಲಿ ಎಲ್ಲಿ ಕೈ ಇಟ್ಟರೂ ಹೀಗೇ ಒಬ್ಬ ಓದುಗ ಸಿಗುತ್ತಾನೆ. ಪ್ರಕಾಶಕ, ವಿಮರ್ಶಕ, ಪ್ರೊಫೆಸರು ಎಲ್ಲ ಆಮೇಲೆ ಬಂದವರು. ಮೊದಲು ಬಂದದ್ದು ಹದಿನಾರು ಹದಿನೇಳರ ಹುಡುಗರು, ಕಚೇರಿ ಮುಗಿಸಿ ರಾತ್ರಿ ಓದುತ್ತಿದ್ದ ಗುಮಾಸ್ತರು, ಹಳ್ಳಿಮೂಲೆಯಲ್ಲಿ ಕೂತು ಅಂಚೆಯವನ ದಾರಿ ಕಾಯುತ್ತಿದ್ದವರು. ಇವತ್ತು ನಾವು 'ಕ್ಲಾಸಿಕ್' ಅಂತ ಹೇಳಿಕೊಂಡು ಓದುವ ಎಷ್ಟೋ ಕಥೆಗಳನ್ನು ಕಸದ ಬುಟ್ಟಿಯಿಂದ ಎತ್ತಿ ತಂದವರು ಇವರೇ.

ನನಗೂ ಲವ್‌ಕ್ರಾಫ್ಟ್ ಸಿಕ್ಕಿದ್ದು ಇಂಥ ಒಬ್ಬನಿಂದ. ಹಾಸ್ಟೆಲಿನ ರೂಂಮೇಟು. ಒಂದು ಕಥೆಯ ಜೆರಾಕ್ಸ್ ಪ್ರತಿಯನ್ನು ಕೈಗಿಟ್ಟು, "ಓದು, ಆಮೇಲೆ ಮಾತಾಡೋಣ" ಅಂದಿದ್ದ. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನಲ್ಲಿ 'ಇಲ್ಲಿ ನಿಧಾನ' ಅಂತ ಬೇರೆ ಬರೆದಿದ್ದ. ಕಥೆಯ ಹೆಸರು 'ದಿ ಕಲರ್ ಔಟ್ ಆಫ್ ಸ್ಪೇಸ್'. 1927ರದ್ದು. ಲವ್‌ಕ್ರಾಫ್ಟ್ ತನ್ನ ಕಥೆಗಳಲ್ಲಿ ತುಂಬ ಮೆಚ್ಚಿಕೊಂಡದ್ದೂ ಇದನ್ನೇ.

ಅದರಲ್ಲಿ ದೆವ್ವ ಇಲ್ಲ. ನಾಹಮ್ ಗಾರ್ಡ್ನರ್ ಎಂಬ ರೈತನ ಜಮೀನಿನಲ್ಲಿ, ಬಾವಿಯ ಪಕ್ಕ, ಆಕಾಶದಿಂದ ಒಂದು ಕಲ್ಲು ಬೀಳುತ್ತದೆ. ಕಾಲೇಜಿನ ಮೇಷ್ಟ್ರುಗಳು ಬಂದು ಚೂರು ಕೆತ್ತಿಕೊಂಡು ಹೋಗುತ್ತಾರೆ. ಆ ಚೂರು ಗಾಜಿನ ಪಾತ್ರೆಯಲ್ಲಿ ಇಟ್ಟಲ್ಲೇ ಕರಗಿ ಮಾಯವಾಗುತ್ತದೆ, ಪಾತ್ರೆಯೂ ಅದರ ಜೊತೆ ಮಾಯ. ಆ ವರ್ಷ ತೋಟದಲ್ಲಿ ಪೇರು, ಸೇಬು ಎಂದೂ ಬಿಡದಷ್ಟು ದಪ್ಪ ಬಿಡುತ್ತವೆ. ಫಳಫಳ ಹೊಳೆಯುತ್ತವೆ. ನಾಹಮ್ ಖುಷಿಯಲ್ಲಿ ಪೀಪಾಯಿ ಜಾಸ್ತಿ ತರಿಸುತ್ತಾನೆ. ಕಚ್ಚಿ ನೋಡಿದರೆ ಕಹಿ. ಒಂದೂ ತಿನ್ನೋ ಹಾಗಿಲ್ಲ. ಆಮೇಲೆ ಗಾಳಿ ಇಲ್ಲದಿದ್ದರೂ ಮರದ ಕೊಂಬೆ ಅಲ್ಲಾಡುತ್ತವೆ. ಗಿಡ, ಹುಲ್ಲು ಬೂದಿ ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತವೆ. ದನಗಳಿಗೆ ಅದೇ ಗತಿ. ಹೆಂಡತಿಗೆ ಬುದ್ಧಿ ಕೆಡುತ್ತದೆ. ಇಷ್ಟೆಲ್ಲ ಆದರೂ ಮನೆಯವರು ಆ ಬಾವಿಯ ನೀರನ್ನೇ ಕುಡಿಯುತ್ತಾ ಇರುತ್ತಾರೆ.

ನನ್ನನ್ನು ಹೆದರಿಸಿದ್ದು ಆ ನೀರು. ಇವರು ಯಾಕೆ ಊರು ಬಿಟ್ಟು ಹೋಗುವುದಿಲ್ಲ ಅನ್ನಿಸುತ್ತದೆ. ಆದರೆ ಜಮೀನು ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಬೆಳೆ ಹೋದ ವರ್ಷ ಮುಂದಿನ ಮಳೆಗೆ ಸರಿಹೋದೀತು ಅಂತ ಕಾಯುವ ರೈತನನ್ನು ನಾವೂ ನೋಡಿದ್ದೇವಲ್ಲ. ಕಥೆ ಹೇಳುವವನು ಜಲಾಶಯಕ್ಕಾಗಿ ಜಾಗ ಅಳೆಯಲು ಬಂದ ಸರ್ವೆಯವನು. ಆ ಕಣಿವೆ ಇನ್ನೇನು ಮುಳುಗಲಿದೆ. ಅಲ್ಲಿಂದ ಪೇಟೆಗೆ ಬರುವ ನೀರನ್ನು ಮಾತ್ರ ತಾನು ಕುಡಿಯುವುದಿಲ್ಲ ಅನ್ನುತ್ತಾನೆ. ಎಂಥ ಕಡೆ ತಂದು ನಿಲ್ಲಿಸುತ್ತಾನೆ ನೋಡಿ!

ಆ ಬಣ್ಣ ಯಾವುದು ಅಂತ ಲವ್‌ಕ್ರಾಫ್ಟ್ ಕೊನೆಗೂ ಹೇಳುವುದಿಲ್ಲ. ನಾನೂ ರೂಂಮೇಟೂ ಇದರ ಮೇಲೆ ವಾದ ಮಾಡಿದ್ದು ಒಂದೆರಡು ರಾತ್ರಿಯಲ್ಲ. ಅವನಿಗೆ ಆ ಬಣ್ಣ ನೇರಳೆಗೆ ಹತ್ತಿರ. ನನಗೆ ಕೊಳೆತ ಹಸಿರು.

ಸರಿ, ಕಥೆಯ ಕಡೆಯಿಂದ ಓದುಗರ ಕಡೆಗೆ ಬರೋಣ.

1923ರಲ್ಲಿ ಷಿಕಾಗೊದಿಂದ 'ವಿಯರ್ಡ್ ಟೇಲ್ಸ್' ಅನ್ನುವ ಮಾಸಪತ್ರಿಕೆ ಶುರುವಾಯಿತು. ಬರೀ ವಿಚಿತ್ರ ಕಥೆಗಳಿಗೇ ಮೀಸಲು. ಒರಟು ಕಾಗದ, ಭಡಕ್ ಮುಖಪುಟ, ಬೆಲೆ 25 ಸೆಂಟು. ಒಳಗೆ ಓದುಗರ ಪತ್ರಗಳಿಗೆ 'ದಿ ಐರಿ' ಎಂಬ ಅಂಕಣ. ಯಾವ ಕಥೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ಜನ ಬರೆಯುತ್ತಿದ್ದರು. ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ಆ ಮತಗಳನ್ನು ಎಣಿಸಿ, ಹಿಂದಿನ ಸಂಚಿಕೆಯಲ್ಲಿ ಗೆದ್ದ ಕಥೆ ಇದು ಅಂತ ಪ್ರಕಟಿಸುತ್ತಿದ್ದ.

ಓದುಗರ ಬಗ್ಗೆ ಇಷ್ಟು ಹೊಗಳಿದ ಮೇಲೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಆ ಮತಗಳನ್ನು ನಂಬಿದ್ದರೆ ನಮಗೆ ಲವ್‌ಕ್ರಾಫ್ಟ್ ಸಿಗುತ್ತಿರಲಿಲ್ಲ. ಆ ಪತ್ರಿಕೆಯ ಸ್ಟಾರ್ ಲೇಖಕ ಸೀಬರಿ ಕ್ವಿನ್. ಹೆಸರು ಕೇಳಿದ್ದೀರಾ? ಬಹಳ ಜನ ಕೇಳಿರುವುದಿಲ್ಲ. ಆತ ವಕೀಲ. ಶವಸಂಸ್ಕಾರದ ವ್ಯಾಪಾರಕ್ಕೆ ಸಂಬಂಧಿಸಿದ ಕಾನೂನು ಪಾಠ ಮಾಡುತ್ತಿದ್ದ, ಶವಪೆಟ್ಟಿಗೆ ವ್ಯಾಪಾರಿಗಳ ಪತ್ರಿಕೆಗೆ ಸಂಪಾದಕನೂ ಆಗಿದ್ದ. ದೆವ್ವದ ಕಥೆ ಬರೆಯುವುದಕ್ಕೆ ಇದಕ್ಕಿಂತ ಅರ್ಹತೆ ಬೇಕಾ! ಅವನ ನಾಯಕ ಜೂಲ್ಸ್ ದ ಗ್ರಾಂಡಾ ಫ್ರೆಂಚ್ ಡಾಕ್ಟರು, ಪ್ರೇತ ಪಿಶಾಚಿಗಳ ಪತ್ತೇದಾರ. ಆ ಮಾಲೆಯ ಕಥೆಗಳೇ ತೊಂಬತ್ತಕ್ಕೂ ಹೆಚ್ಚು. ಓದಲು ಮಜಾ ಇರುತ್ತವೆ, ಸುಳ್ಳೇಕೆ ಹೇಳಲಿ. ಓದಿ ಮುಗಿಸಿ ಕೈ ತೊಳೆದುಕೊಂಡರೆ ಮರೆತೂ ಹೋಗುತ್ತವೆ.

ಹಾಗಾಗಿ ಜನಪ್ರಿಯತೆ ಬೇರೆ, ಹಠ ಬೇರೆ. ಲವ್‌ಕ್ರಾಫ್ಟ್‌ಗೆ ಇದ್ದದ್ದು ಕಡಿಮೆ ಜನ, ಆದರೆ ಬಿಡದ ಜನ.

ಡೊನಾಲ್ಡ್ ವಾಂಡ್ರೀಯನ್ನೇ ನೋಡಿ. 1926ರಲ್ಲಿ ಲವ್‌ಕ್ರಾಫ್ಟ್ 'ದಿ ಕಾಲ್ ಆಫ್ ಕ್ತುಲು' ಬರೆದು ರೈಟ್‌ಗೆ ಕಳಿಸಿದ್ದ. ರೈಟ್ ಬೇಡ ಅಂತ ವಾಪಸ್ ಮಾಡಿದ. ಒಮ್ಮೆ ಬೇಡ ಅನ್ನಿಸಿಕೊಂಡರೆ ಲವ್‌ಕ್ರಾಫ್ಟ್ ಮುದುಡಿ ಹೋಗುವ ಜಾತಿ. ಮರುವರ್ಷ ಬೇಸಿಗೆಯಲ್ಲಿ ವಾಂಡ್ರೀ ಮಿನ್ನೆಸೋಟದಿಂದ ಪ್ರಾವಿಡೆನ್ಸ್‌ಗೆ ಹೊರಟ. 19 ವರ್ಷದ ಹುಡುಗ. ದಾರಿಯಲ್ಲಿ ಸಿಕ್ಕ ಗಾಡಿಗಳಿಗೆ ಕೈ ಅಡ್ಡ ಹಾಕಿಕೊಂಡೇ ಪ್ರಯಾಣ, ಮೆಚ್ಚಿನ ಲೇಖಕನನ್ನು ಕಣ್ಣಾರೆ ನೋಡಬೇಕು ಅಂತ. ನಡುವೆ ಷಿಕಾಗೊದಲ್ಲಿ ಇಳಿದು ವಿಯರ್ಡ್ ಟೇಲ್ಸ್ ಕಚೇರಿಗೆ ನುಗ್ಗಿದ. ಮಾತಿನ ನಡುವೆ ಆ ಕಥೆಯನ್ನು ಎತ್ತಿ, ಲವ್‌ಕ್ರಾಫ್ಟ್ ಅದನ್ನು ಬೇರೆ ಪತ್ರಿಕೆಗೆ ಕೊಡುವ ಯೋಚನೆಯಲ್ಲಿದ್ದಾನೆ ಅಂತ ಸಂಪಾದಕನ ಕಿವಿಗೆ ಹಾಕಿದ. ಅದು ಕೆಲಸ ಮಾಡಿತು. ರೈಟ್ ಕಥೆ ಮತ್ತೆ ತರಿಸಿಕೊಂಡ. 1928ರ ಫೆಬ್ರವರಿ ಸಂಚಿಕೆಯಲ್ಲಿ ಅಚ್ಚಾಯಿತು. ಇವತ್ತು ಮೇಜಿನ ಆಟದಿಂದ ಹಿಡಿದು ಮಕ್ಕಳ ಗೊಂಬೆಯವರೆಗೆ ಎಲ್ಲ ಕಡೆ ಕಾಣುವ ಕಡಲಡಿಯ ರಾಕ್ಷಸ ಕ್ತುಲು ಹೊರಬಂದದ್ದು ಹೀಗೆ.

ರಾಬರ್ಟ್ ಬ್ಲಾಕ್‌ನ ಕಥೆ ಇನ್ನೂ ಮಜಾ. 1933ರಲ್ಲಿ ಆತ ಹದಿನಾರರ ಹುಡುಗ. ಹಳೆಯ ಕಥೆಗಳು ಎಲ್ಲಿ ಸಿಗುತ್ತವೆ ಅಂತ ಲವ್‌ಕ್ರಾಫ್ಟ್‌ಗೇ ಕಾಗದ ಬರೆದ. ಲವ್‌ಕ್ರಾಫ್ಟ್ ತನ್ನ ಪ್ರತಿಗಳನ್ನೇ ಓದಲು ಕಳಿಸಿಕೊಡುತ್ತೇನೆ ಅಂದ, ಜೊತೆಗೆ 'ನೀನೂ ಯಾಕೆ ಬರೆಯಬಾರದು' ಅಂದ. ಹುಡುಗ ಬರೆದೂ ಬರೆದ, ಲವ್‌ಕ್ರಾಫ್ಟ್‌ನನ್ನೇ ಹೋಲುವ ಪಾತ್ರವೊಂದನ್ನು ಕಥೆಯಲ್ಲಿ ಭೀಕರವಾಗಿ ಕೊಲ್ಲಬೇಕೆಂದುಕೊಂಡ. ಸಜ್ಜನ, ಮುಂಚೆಯೇ ಅನುಮತಿ ಕೇಳಿದ. ಲವ್‌ಕ್ರಾಫ್ಟ್ ಗಂಭೀರವಾಗಿ ಒಂದು ಪ್ರಮಾಣಪತ್ರ ತಯಾರಿಸಿ, ತನ್ನನ್ನು ಹೇಗೆ ಬೇಕಾದರೂ ಕೊಲ್ಲಬಹುದು ಅಂತ ಬರೆದು, ತನ್ನ ಕಥೆಗಳ ಕಾಲ್ಪನಿಕ ಪಾತ್ರಗಳ ಸಾಕ್ಷಿ ಸಹಿ ಹಾಕಿ ಕಳಿಸಿದ. 1935ರಲ್ಲಿ ಆ ಕಥೆ ಬಂತು.

ಮುಂದೆ ನೋಡಿ. ಓದುಗರೊಬ್ಬರು ಪತ್ರಗಳ ಪುಟಕ್ಕೆ ಬರೆದರು: ಈಗ ಲವ್‌ಕ್ರಾಫ್ಟ್ ಕೂಡ ಈ ಉಪಕಾರಕ್ಕೆ ಪ್ರತ್ಯುಪಕಾರ ಮಾಡಬೇಕು ಅಂತ. ಲವ್‌ಕ್ರಾಫ್ಟ್ ಕೂತು 'ದಿ ಹಾಂಟರ್ ಆಫ್ ದಿ ಡಾರ್ಕ್' ಬರೆದ. ಅದರಲ್ಲಿ ಸಾಯುವ ಯುವ ಲೇಖಕನ ಹೆಸರು ರಾಬರ್ಟ್ ಬ್ಲೇಕ್. ಅವನ ಊರಿನ ವಿಳಾಸವಾಗಿ ಕೊಟ್ಟದ್ದು ಬ್ಲಾಕ್‌ನ ನಿಜವಾದ ಮಿಲ್ವಾಕಿ ವಿಳಾಸವನ್ನೇ. ಲವ್‌ಕ್ರಾಫ್ಟ್ ಸ್ವಂತವಾಗಿ ಬರೆದ ಕೊನೆಯ ದೊಡ್ಡ ಕಥೆ ಅದು. ಒಬ್ಬ ಓದುಗನ ತಮಾಷೆಯ ಕಾಗದ ಇಲ್ಲದಿದ್ದರೆ ಅದು ಹುಟ್ಟುತ್ತಿತ್ತೋ ಇಲ್ಲವೋ. ಬ್ಲಾಕ್ ಮುಂದೆ 1959ರಲ್ಲಿ 'ಸೈಕೊ' ಕಾದಂಬರಿ ಬರೆದ. ಸಿನಿಮಾ ನೋಡಿದವರಿಗೆ ಬೇರೆ ಪರಿಚಯ ಬೇಡ.

ಇವರೆಲ್ಲ ಪರಸ್ಪರ ಪತ್ರದಲ್ಲೇ ಬದುಕುತ್ತಿದ್ದರು. ಲವ್‌ಕ್ರಾಫ್ಟ್ ಜೀವಮಾನದಲ್ಲಿ ಬರೆದ ಕಾಗದಗಳು ಹತ್ತಾರು ಸಾವಿರ. ಕೆಲವು ಕಾಗದ ಹತ್ತಿಪ್ಪತ್ತು ಪುಟ ದಾಟುತ್ತಿದ್ದವು. ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿದ್ದ ರಾಬರ್ಟ್ ಹೊವರ್ಡ್, ಅಂದರೆ ಕತ್ತಿ ಹಿಡಿದ ಸಾಹಸಿ ನಾಯಕ ಕೋನನ್‌ನ ಸೃಷ್ಟಿಕರ್ತ, 1930ರಲ್ಲಿ ಲವ್‌ಕ್ರಾಫ್ಟ್‌ನ ಒಂದು ಕಥೆಯಲ್ಲಿದ್ದ ಗೇಲಿಕ್ (ಐರ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಭಾಷೆ) ಮಾತುಗಳ ಬಗ್ಗೆ ಸಂಪಾದಕನಿಗೆ ಬರೆದ. ಅದು ಲವ್‌ಕ್ರಾಫ್ಟ್ ಕೈಗೆ ಹೋಯಿತು. ಅಲ್ಲಿಂದ ಆರು ವರ್ಷ ಇಬ್ಬರೂ ನಾಗರಿಕತೆ ಮೇಲೋ, ಒರಟು ಬದುಕು ಮೇಲೋ ಅಂತ ಕಿತ್ತಾಡಿದರು. 1936ರಲ್ಲಿ ಹೊವರ್ಡ್ ಸಾಯುವವರೆಗೂ ಒಮ್ಮೆಯೂ ಮುಖಾಮುಖಿ ಆಗಲಿಲ್ಲ. ಆ ಪತ್ರಗಳೇ ಈಗ ಎರಡು ದಪ್ಪ ಸಂಪುಟ.

ನನಗೆ ಇವರೆಲ್ಲರಿಗಿಂತ ಇಷ್ಟ ಎಚ್. ಸಿ. ಕೋನಿಗ್. ಈತ ಹೆಸರು ಮಾಡಿದ ಲೇಖಕನಲ್ಲ. ನ್ಯೂಯಾರ್ಕಿನಲ್ಲಿ ವಿದ್ಯುತ್ ಉಪಕರಣಗಳ ಪರೀಕ್ಷಾಲಯದಲ್ಲಿ ಕೆಲಸ. ಪುಸ್ತಕ ಕೂಡಿಡುವ ಹುಚ್ಚು. ಅವನ ಹತ್ತಿರ ವಿಲಿಯಂ ಹೋಪ್ ಹಾಜ್‌ಸನ್ ಎಂಬ ಇಂಗ್ಲಿಷ್ ಲೇಖಕನ ಪುಸ್ತಕಗಳಿದ್ದವು. ಹಾಜ್‌ಸನ್ ಹಡಗಿನಲ್ಲಿ ದುಡಿದವನು. ಕಡಲ ಮೇಲಿನ ಭಯವನ್ನು ಅವನಷ್ಟು ಚೆನ್ನಾಗಿ ಬರೆದವರು ಕಡಿಮೆ. 1918ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ಯುದ್ಧಭೂಮಿಯಲ್ಲಿ ಶೆಲ್ ಬಿದ್ದು ಸತ್ತ. ಹದಿನೈದು ವರ್ಷದಲ್ಲಿ ಅಮೆರಿಕದಲ್ಲಿ ಅವನ ಹೆಸರು ಹೇಳುವವರೇ ಇಲ್ಲ. ಕೋನಿಗ್ ಆ ಪುಸ್ತಕಗಳನ್ನು 1934ರಲ್ಲಿ ಲವ್‌ಕ್ರಾಫ್ಟ್‌ಗೆ ಅಂಚೆಯಲ್ಲಿ ಕಳಿಸಿದ. ಓದಿದವರು ಮುಂದಿನವರಿಗೆ ದಾಟಿಸಬೇಕು. ಹೀಗೆ ಗೆಳೆಯರಿಂದ ಗೆಳೆಯರಿಗೆ ಪುಸ್ತಕ ಊರೂರು ಸುತ್ತಿತು. ಲವ್‌ಕ್ರಾಫ್ಟ್ ಭಯಸಾಹಿತ್ಯದ ಮೇಲಿನ ತನ್ನ ಉದ್ದ ಪ್ರಬಂಧಕ್ಕೆ ಹಾಜ್‌ಸನ್ ಬಗ್ಗೆ ಹೊಸ ಭಾಗ ಸೇರಿಸಿದ. 1946ರಲ್ಲಿ ಹಾಜ್‌ಸನ್‌ನ ಕಾದಂಬರಿಗಳು ಅಮೆರಿಕದಲ್ಲಿ ಒಂದೇ ಸಂಪುಟವಾಗಿ ಬಂದವು.

ಪುಸ್ತಕ ಸಾಲ ಕೊಡೋದು ಅಂದರೆ ನನಗೆ ಎದೆ ಝಲ್ ಅನ್ನುತ್ತೆ. ಕೊಟ್ಟ ಪುಸ್ತಕ ವಾಪಸ್ ಬಂದ ಉದಾಹರಣೆ ನಮ್ಮ ಮನೆಯಲ್ಲಿ ಅಪರೂಪ. ಸಿಗದ ಪುಸ್ತಕಗಳನ್ನು ಹೀಗೆ ಅಂಚೆಗೆ ಹಾಕಿದ ಕೋನಿಗ್‌ಗೆ ದೊಡ್ಡ ನಮಸ್ಕಾರ.

ಇಂಗ್ಲೆಂಡಿನಲ್ಲಿ ಇದೇ ಉತ್ಸಾಹ ಬೇರೆ ರೂಪದಲ್ಲಿತ್ತು. ಎಂ. ಆರ್. ಜೇಮ್ಸ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ದೊಡ್ಡ ವಿದ್ವಾಂಸ, ಹಳೆಯ ಹಸ್ತಪ್ರತಿಗಳ ಪಂಡಿತ. 1893ರ ಅಕ್ಟೋಬರ್‌ನಲ್ಲಿ ಗೆಳೆಯರ ಒಂದು ಹರಟೆ ಕೂಟದಲ್ಲಿ ತಾನು ಬರೆದ ಎರಡು ದೆವ್ವದ ಕಥೆ ಓದಿದ. ಆಮೇಲೆ ಕ್ರಿಸ್‌ಮಸ್ ಬಂತೆಂದರೆ ಗೆಳೆಯರೆಲ್ಲ ಅವನ ಕೋಣೆಯಲ್ಲಿ ಸೇರುವುದು ವಾಡಿಕೆಯಾಯಿತು. ಜೇಮ್ಸ್ ಆಗ ತಾನೇ ಬರೆದು ಮುಗಿಸಿದ ಹಾಳೆಗಳನ್ನು ಹಿಡಿದು ಒಳಗಿನಿಂದ ಬರುತ್ತಿದ್ದ, ಒಂದು ಮೇಣದಬತ್ತಿ ಬಿಟ್ಟು ಉಳಿದದ್ದನ್ನೆಲ್ಲ ಆರಿಸುತ್ತಿದ್ದ, ಕೂತು ಓದುತ್ತಿದ್ದ. ಗೆಳೆಯ ಜೇಮ್ಸ್ ಮೆಕ್‌ಬ್ರೈಡ್ ಆ ಕಥೆಗಳಿಗೆ ಚಿತ್ರ ಬರೆಯಲು ಶುರು ಮಾಡಿದ. ನಾಲ್ಕು ಚಿತ್ರ ಆಗುವಷ್ಟರಲ್ಲಿ, 1904ರಲ್ಲಿ ತೀರಿಕೊಂಡ. ಬೇರೆಯವರಿಂದ ಚಿತ್ರ ಪೂರ್ತಿ ಮಾಡಿಸಲು ಜೇಮ್ಸ್ ಒಪ್ಪಲಿಲ್ಲ. ಅದೇ ವರ್ಷ ಬಂದ ಮೊದಲ ಪುಸ್ತಕದಲ್ಲಿ ಆ ನಾಲ್ಕೇ ಚಿತ್ರ ಇವೆ.

ಜೇಮ್ಸ್‌ನ ಕಥೆಯನ್ನು ಗಟ್ಟಿಯಾಗಿ ಓದಿದರೇನೇ ರುಚಿ. ಅವನ 'ಓ, ವಿಸಲ್, ಅಂಡ್ ಐಲ್ ಕಮ್ ಟು ಯೂ, ಮೈ ಲ್ಯಾಡ್' ಎಂಬ ಶಿಳ್ಳೆಯ ಕಥೆಯಲ್ಲಿ, ಕಡಲತೀರದ ಹಾಳು ಕಟ್ಟಡದಲ್ಲಿ ಪ್ರೊಫೆಸರನಿಗೆ ಹಳೆಯ ಶಿಳ್ಳೆಯೊಂದು ಸಿಗುತ್ತದೆ. ಊದುತ್ತಾನೆ. ಅವನ ಹೋಟೆಲ್ ಕೋಣೆಯಲ್ಲಿ ಎರಡು ಮಂಚ ಇವೆ. ಎರಡನೆಯದರಲ್ಲಿ ಯಾರೂ ಮಲಗಿಲ್ಲ. ಬೆಳಿಗ್ಗೆ ನೋಡಿದರೆ ಅದರ ಹಾಸಿಗೆಯೂ ಕೆದರಿದೆ. ಕೊನೆಗೆ ಎದ್ದು ಬರುವುದು ಆ ಮಂಚದ ಹೊದಿಕೆಯೇ. ಅದಕ್ಕೆ ಮುಖ ಇದೆ, ಆದರೆ ಅದು ಸುಕ್ಕುಗಟ್ಟಿದ ಬಟ್ಟೆಯ ಮುಖ. ರಕ್ತ ಇಲ್ಲ, ಕೋರೆಹಲ್ಲು ಇಲ್ಲ. ಇದನ್ನು ಕರೆಂಟ್ ಹೋದ ರಾತ್ರಿ ಮನೆಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿದ್ದೆ. ಮಾರನೆಯ ದಿನ ಅವರು ಖಾಲಿ ಮಂಚವಿದ್ದ ಕೋಣೆಗೆ ಕಾಲಿಡಲಿಲ್ಲ. ಅತ್ತಿಗೆ ನನ್ನ ಜೊತೆ ವಾರ ಮಾತು ಬಿಟ್ಟರು.

ಮತ್ತೆ ಪ್ರಾವಿಡೆನ್ಸ್‌ಗೆ. 1937ರ ಮಾರ್ಚ್ 15ರಂದು ಲವ್‌ಕ್ರಾಫ್ಟ್ ಕರುಳಿನ ಕ್ಯಾನ್ಸರ್‌ನಿಂದ ಸತ್ತ. 46 ವರ್ಷ. ಆಗ ಅವನ ಹೆಸರಿನಲ್ಲಿ ಬಂದಿದ್ದ ಸರಿಯಾದ ಪುಸ್ತಕ ಒಂದೇ, ಅದನ್ನೂ 1936ರಲ್ಲಿ ತಂದವನು ಒಬ್ಬ ಅಭಿಮಾನಿ. ಮುದ್ರಣದೋಷ ಎಷ್ಟಿತ್ತು ಅಂದರೆ ತಪ್ಪೋಲೆ ಹಾಕಬೇಕಾಯಿತು. ಆ ತಪ್ಪೋಲೆಯಲ್ಲೂ ತಪ್ಪು! ಪಾಪ, ಆ ಅಭಿಮಾನಿಯ ಪ್ರೀತಿಗೆ ಏನೂ ಕೊರತೆ ಇರಲಿಲ್ಲ.

ವಿಸ್ಕಾನ್ಸಿನ್‌ನ ಸಾಕ್ ಸಿಟಿಯಲ್ಲಿದ್ದ ಆಗಸ್ಟ್ ಡರ್ಲೆತ್ 17ನೇ ವಯಸ್ಸಿನಿಂದ ಲವ್‌ಕ್ರಾಫ್ಟ್‌ಗೆ ಕಾಗದ ಬರೆಯುತ್ತಿದ್ದವನು. ಒಮ್ಮೆಯೂ ಭೇಟಿಯಾಗಿರಲಿಲ್ಲ. ಸಾವಿನ ಸುದ್ದಿ ಬಂದ ಮೇಲೆ ಆತ ವಾಂಡ್ರೀ ಜೊತೆ ಸೇರಿ ಕಥೆಗಳ ದೊಡ್ಡ ಸಂಪುಟ ಸಿದ್ಧ ಮಾಡಿದ. ದೊಡ್ಡ ಪ್ರಕಾಶಕರು ಬೇಡ ಅಂದರು. ಡರ್ಲೆತ್ ಆಗ ಮನೆ ಕಟ್ಟಿಸುತ್ತಿದ್ದ. ಮನೆಗೆಂದು ತೆಗೆದ ಬ್ಯಾಂಕ್ ಸಾಲದಲ್ಲೇ ಒಂದಷ್ಟನ್ನು ಮುದ್ರಣಕ್ಕೆ ಹಾಕಿದ. 1939ರಲ್ಲಿ 'ಆರ್ಕಮ್ ಹೌಸ್' ಅನ್ನುವ ಪ್ರಕಾಶನ ಹುಟ್ಟಿತು. ಅಚ್ಚಾದದ್ದು 1268 ಪ್ರತಿ. ಬೆಲೆ ಐದು ಡಾಲರ್, ಆ ಕಾಲಕ್ಕೆ ದುಬಾರಿ. ಮುಂಗಡ ಕೊಟ್ಟವರು ಸುಮಾರು 150 ಜನ. ಎಲ್ಲ ಪ್ರತಿ ಖರ್ಚಾಗಲು ನಾಲ್ಕು ವರ್ಷ ಹಿಡಿಯಿತು. ಆಮೇಲೂ ಡರ್ಲೆತ್ ನಿಲ್ಲಿಸಲಿಲ್ಲ. ತಾನು ಬೇರೆ ಕಡೆ ಬರೆದು ಗಳಿಸಿದ್ದನ್ನು ತಂದು ಇದಕ್ಕೆ ಸುರಿದ. ರೇ ಬ್ರಾಡ್ಬರಿಯ ಮೊದಲ ಪುಸ್ತಕ, ಬ್ಲಾಕ್‌ನ ಮೊದಲ ಪುಸ್ತಕ, ಹಾಜ್‌ಸನ್‌ನ ಆ ಸಂಪುಟ, ಎಲ್ಲ ಬಂದದ್ದು ಇಲ್ಲಿಂದಲೇ.

ಹಾಗಂತ ಡರ್ಲೆತ್‌ನನ್ನು ದೇವರು ಮಾಡುವುದು ಬೇಡ. ಲವ್‌ಕ್ರಾಫ್ಟ್ ಬಿಟ್ಟುಹೋದ ತುಂಡು ಟಿಪ್ಪಣಿಗಳಿಗೆ ತಾನೇ ಕಥೆ ಹೆಣೆದು, ಇಬ್ಬರೂ ಸೇರಿ ಬರೆದದ್ದು ಅಂತ ಮಾರಿದ. ಲವ್‌ಕ್ರಾಫ್ಟ್‌ನ ಬ್ರಹ್ಮಾಂಡದಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಮನುಷ್ಯನ ಬಗ್ಗೆ ಅದಕ್ಕೆ ಗೊಡವೆಯೇ ಇಲ್ಲ. ಡರ್ಲೆತ್ ಅದರೊಳಗೆ ಒಳ್ಳೆಯ ದೇವತೆಗಳು, ಕೆಟ್ಟ ದೇವತೆಗಳು ಅಂತ ಯುದ್ಧ ತಂದಿಟ್ಟ. ಬಣ್ಣಕ್ಕೆ ಹೆಸರಿಟ್ಟ ಹಾಗೆ ಆಯಿತು. ಅಭಿಮಾನ ಜಾಸ್ತಿಯಾದರೆ ಹೀಗೂ ಆಗುತ್ತದೆ, ಅಲ್ವಾ?

ರಾಬರ್ಟ್ ಬಾರ್ಲೊಗೆ ಆದದ್ದು ಇನ್ನೂ ಬೇಜಾರಿನ ಸಂಗತಿ. ಈ ಹುಡುಗ 13ನೇ ವಯಸ್ಸಿನಲ್ಲಿ ಲವ್‌ಕ್ರಾಫ್ಟ್‌ಗೆ ಬರೆಯಲು ಶುರು ಮಾಡಿದ, ವಯಸ್ಸು ಮಾತ್ರ ಹೇಳಿರಲಿಲ್ಲ. 1934ರಲ್ಲಿ ಫ್ಲಾರಿಡಾದ ತನ್ನ ಮನೆಗೆ ಕರೆದ. ಬಸ್ ಇಳಿದ ಲವ್‌ಕ್ರಾಫ್ಟ್ ಎದುರಿಗೆ ನಿಂತದ್ದು ಹದಿನಾರೂ ತುಂಬದ ಪೋರ! ಆದರೂ ಸುಮಾರು ಏಳು ವಾರ ಅಲ್ಲೇ ಉಳಿದ. ಲವ್‌ಕ್ರಾಫ್ಟ್‌ಗೆ ಟೈಪ್ ಮಾಡುವುದೆಂದರೆ ಆಗದು. ಬಾರ್ಲೊ ಒಂದು ಒಪ್ಪಂದ ಮಾಡಿಕೊಂಡ. ನಾನು ಟೈಪ್ ಮಾಡಿಕೊಡುತ್ತೇನೆ, ನಿಮ್ಮ ಕೈಬರಹದ ಪ್ರತಿ ನನಗೆ ಕೊಡಿ. ಬೇರೆಯವರಾದರೆ ಒಲೆಗೆ ಹಾಕುತ್ತಿದ್ದ ಹಾಳೆಗಳನ್ನು ಈ ಹುಡುಗ ಜೋಪಾನ ಮಾಡಿದ. ತನ್ನ ಬರಹಗಳನ್ನು ನೋಡಿಕೊಳ್ಳಬೇಕಾದವನು ಬಾರ್ಲೊ ಅಂತಲೇ ಲವ್‌ಕ್ರಾಫ್ಟ್ ಬರೆದಿಟ್ಟಿದ್ದ. ಆದರೆ ಹಿರಿಯ ಅಭಿಮಾನಿಗಳು ಅವನನ್ನು ಪಕ್ಕಕ್ಕೆ ತಳ್ಳಿದರು. ಪುಸ್ತಕ ಹೊಡೆದುಕೊಂಡ ಅನ್ನುವ ಮಾತೂ ಹಬ್ಬಿತು. ಬಾರ್ಲೊ ಆ ಬಳಗದಿಂದ ದೂರವಾಗಿ ಮೆಕ್ಸಿಕೊಗೆ ಹೋದ. ಅಲ್ಲಿನ ಮೂಲನಿವಾಸಿಗಳ ನಾವಾಟ್ಲ್ ಭಾಷೆ ಕಲಿತು ಒಳ್ಳೆಯ ಮಾನವಶಾಸ್ತ್ರಜ್ಞ ಅನ್ನಿಸಿಕೊಂಡ. 1951ರ ಜನವರಿಯಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಇನ್ನೂ 32 ವರ್ಷ.

ಅವನು ಕೂಡಿಟ್ಟ ಹಾಳೆಗಳು ಅಷ್ಟರಲ್ಲಿ ಪ್ರಾವಿಡೆನ್ಸ್‌ನ ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಲೈಬ್ರರಿ ಸೇರಿದ್ದವು. ಒಂದು ಮಾತ್ರ ಸಿಗಲಿಲ್ಲ. 'ದಿ ಶ್ಯಾಡೊ ಔಟ್ ಆಫ್ ಟೈಮ್' ಕಥೆಯ ಕೈಬರಹದ ನೋಟ್‌ಬುಕ್. ಬಾರ್ಲೊ ಅದನ್ನು ಮೆಕ್ಸಿಕೊದ ಒಬ್ಬ ವಿದ್ಯಾರ್ಥಿನಿಗೆ ಕೊಟ್ಟಿದ್ದ. ಆಕೆ ತೀರಿಕೊಂಡ ಮೇಲೆ ಅದು ಸಿಕ್ಕಿದ್ದು ಹವಾಯಿಯಲ್ಲಿ, ಅವರ ಸಾಮಾನುಗಳ ನಡುವೆ. 1995ರಲ್ಲಿ ನೋಟ್‌ಬುಕ್ ಲೈಬ್ರರಿಗೆ ಬಂತು. ಬರೆದು ಅರವತ್ತು ವರ್ಷದ ಮೇಲೆ.

ಇಲ್ಲಿಗೆ ಕಥೆಯೊಳಗೆ ನಮ್ಮ ಕಡೆಯವರೊಬ್ಬರು ಬರುತ್ತಾರೆ. ಎಸ್. ಟಿ. ಜೋಶಿ. 1958ರಲ್ಲಿ ಪುಣೆಯಲ್ಲಿ ಹುಟ್ಟಿದವರು, ಪೂರ್ತಿ ಹೆಸರು ಸುನಂದ್ ತ್ರ್ಯಂಬಕ್ ಜೋಶಿ. ಚಿಕ್ಕವರಿದ್ದಾಗಲೇ ಮನೆಯವರ ಜೊತೆ ಅಮೆರಿಕಕ್ಕೆ ಹೋದರು. ಇಂಡಿಯಾನಾದ ಮನ್ಸಿ ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಲವ್‌ಕ್ರಾಫ್ಟ್ ಕೈಗೆ ಸಿಕ್ಕಿದ. ಹುಚ್ಚು ಎಷ್ಟು ಹಿಡಿಯಿತೆಂದರೆ, ಹಸ್ತಪ್ರತಿ ಇರುವ ಊರು ಅಂತಲೇ ಬ್ರೌನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಬಾರ್ಲೊ ಉಳಿಸಿದ ಹಾಳೆಗಳನ್ನೂ ಆರ್ಕಮ್ ಹೌಸ್ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಿದರು. ತಪ್ಪುಗಳು ಸಾವಿರಗಟ್ಟಲೆ. ಅಂಟಾರ್ಕ್ಟಿಕಾದ ಕಥೆಯನ್ನಂತೂ 1936ರಲ್ಲಿ ಪತ್ರಿಕೆಯವರು ಉದ್ದ ಪ್ಯಾರಾಗಳನ್ನೆಲ್ಲ ಕತ್ತರಿಸಿ, ಸಾಲುಗಳನ್ನೇ ಹಾರಿಸಿ ಹಾಕಿದ್ದರು. ಜೋಶಿಯವರು ತಿದ್ದಿದ ಪಾಠ 1980ರ ದಶಕದಲ್ಲಿ ಆರ್ಕಮ್ ಹೌಸ್‌ನಿಂದಲೇ ಬಂತು. 1996ರಲ್ಲಿ ಜೀವನಚರಿತ್ರೆ. 1999ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್. ಬಾರ್ಲೊ ಎಂಬ ಹುಡುಗ ಟೈಪಿಂಗ್ ಕೂಲಿಯಾಗಿ ಕೇಳಿ ಇಸಿದುಕೊಂಡ ಕಾಗದದಿಂದ, ಇವತ್ತು ನಮ್ಮ ಕೈಗೆ ಸಿಗುವ ಸರಿಯಾದ ಪುಸ್ತಕ ಬಂದಿದೆ.

ಇದರ ನಡುವೆ ವಿಮರ್ಶಕರು ಏನು ಮಾಡುತ್ತಿದ್ದರು? ಎಡ್ಮಂಡ್ ವಿಲ್ಸನ್ 1945ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಲವ್‌ಕ್ರಾಫ್ಟ್‌ನನ್ನು ಅಡ್ಡಡ್ಡ ಸಿಗಿದ. ಈ ಕಥೆಗಳಲ್ಲಿ ನಿಜವಾಗಿ ಭಯಂಕರವಾದದ್ದು ಅವುಗಳ ಕೆಟ್ಟ ಅಭಿರುಚಿ ಅಂದ. ಹತ್ತು ಹನ್ನೊಂದು ವರ್ಷ ಬಿಟ್ಟು 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್‌ಗೂ ಅದೇ ಮಂಗಳಾರತಿ. ಅಮೆರಿಕದ ದೊಡ್ಡ ಲೇಖಕರ ಕೃತಿಗಳನ್ನು ಒಂದೇ ಮಾಲೆಯಲ್ಲಿ ತರಬೇಕು ಅಂತ ಹಂಬಲಿಸಿದವನೂ ಈ ವಿಲ್ಸನ್‌ನೇ. ಅವನು ಸತ್ತ ಮೇಲೆ 'ಲೈಬ್ರರಿ ಆಫ್ ಅಮೆರಿಕ' ಹೆಸರಿನಲ್ಲಿ ಅದು ಬಂತು. 2005ರಲ್ಲಿ ಅದೇ ಮಾಲೆಯಲ್ಲಿ ಲವ್‌ಕ್ರಾಫ್ಟ್ ಬಂದು ಕೂತ. ವಿಲ್ಸನ್ ಪೂರ್ತಿ ಸುಳ್ಳು ಹೇಳಿದ ಅಂತಲ್ಲ. ಲವ್‌ಕ್ರಾಫ್ಟ್ ವಿಶೇಷಣಗಳನ್ನು ಮದುವೆ ಮನೆಯಲ್ಲಿ ತುಪ್ಪ ಬಡಿಸಿದ ಹಾಗೆ ಬಡಿಸುತ್ತಾನೆ. ಕೆಲವು ಪುಟ ನನಗೂ ನುಂಗಲು ಆಗುವುದಿಲ್ಲ.

ನುಂಗಲಾಗದ ಇನ್ನೊಂದು ವಿಷಯ ಇದೆ. ಲವ್‌ಕ್ರಾಫ್ಟ್ ಜನಾಂಗದ್ವೇಷಿ. ಯಾವುದೋ ಕಾಲದ ಮಾತು ಅಂತ ತೇಲಿಸಿಬಿಡುವಷ್ಟು ಸಣ್ಣದಲ್ಲ. ಪತ್ರಗಳಲ್ಲಿ ಕಕ್ಕಿದ್ದಾನೆ. ನ್ಯೂಯಾರ್ಕಿನ ವಲಸಿಗರ ಕೇರಿಯನ್ನು ಕಂಡು ಬರೆದ 'ದಿ ಹಾರರ್ ಅಟ್ ರೆಡ್ ಹುಕ್' ಕಥೆಯಲ್ಲಿ ಭಯ ಹುಟ್ಟಿಸಬೇಕಾದದ್ದು ಬಡ ಕಪ್ಪು, ಕಂದು ಜನರ ಮುಖಗಳೇ. ನನ್ನಂಥವನು ಅವನ ಬಾಗಿಲು ತಟ್ಟಿದ್ದರೆ ಒಳಗೆ ಕರೆಯುತ್ತಿದ್ದನಾ? ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಗೆ 1975ರಿಂದ ಕೊಡುತ್ತಿದ್ದದ್ದು ಲವ್‌ಕ್ರಾಫ್ಟ್ ತಲೆಯ ಪ್ರತಿಮೆ. 2011ರಲ್ಲಿ ಅದನ್ನು ಗೆದ್ದ ನೈಜೀರಿಯಾ ಮೂಲದ ಲೇಖಕಿ ನ್ನೆಡಿ ಒಕೊರಾಫೋರ್, ಕಪ್ಪು ಜನರನ್ನು ಇಷ್ಟು ಹಳಿದವನ ತಲೆ ತಮ್ಮ ಮನೆಯಲ್ಲಿ ಕೂತಿರುವುದರ ಬಗ್ಗೆ ಬಹಿರಂಗವಾಗಿ ಬರೆದರು. ಓದುಗರು, ಲೇಖಕರು ವರ್ಷಗಟ್ಟಲೆ ಚರ್ಚಿಸಿದರು. 2015ರಲ್ಲಿ ಆ ಪ್ರತಿಮೆ ಕೈಬಿಟ್ಟರು. ಜೋಶಿಯವರು ಅದಕ್ಕೆ ಸಿಟ್ಟಾಗಿ ತಮ್ಮ ಪ್ರಶಸ್ತಿಗಳನ್ನು ಹಿಂತಿರುಗಿಸಿದರು. ಈ ವಿಷಯದಲ್ಲಿ ನಾನು ಜೋಶಿಯವರ ಕಡೆ ಇಲ್ಲ. ಕಥೆ ಓದುವುದು ಬೇರೆ, ತಲೆಯನ್ನು ಪ್ರಶಸ್ತಿ ಅಂತ ಮನೆಗೆ ತರುವುದು ಬೇರೆ.

ಆದರೆ ಜಗಳವಾಡಿದವರೆಲ್ಲ ಓದಿದವರೇ ಅನ್ನುವುದು ನನಗೆ ಹಿಡಿಸಿತು. ಹಳೆಯ ಲೇಖಕನ ಮೇಲೆ ಇಷ್ಟು ಕಾವಿನಿಂದ ಕಿತ್ತಾಡುವ ಬಳಗ ಎಷ್ಟು ಜನರಿಗೆ ಸಿಗುತ್ತದೆ?

ಲವ್‌ಕ್ರಾಫ್ಟ್‌ನ ಸಮಾಧಿಗೂ ಕಲ್ಲು ಹಾಕಿಸಿದ್ದು ಓದುಗರೇ. ಸ್ವಾನ್ ಪಾಯಿಂಟ್ ಸ್ಮಶಾನದಲ್ಲಿ ಕುಟುಂಬದ ಕಂಬದ ಮೇಲೆ ಹೆಸರಿತ್ತು ಅಷ್ಟೇ. 1977ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಬೇರೆ ಕಲ್ಲು ನೆಡಿಸಿದರು.

ಕ್ವಿನ್‌ಗೂ ಕೊನೆಗೆ ಹಠಮಾರಿಗಳು ಸಿಕ್ಕಿದ್ದಾರೆ. ದ ಗ್ರಾಂಡಾ ಕಥೆಗಳೆಲ್ಲ 2017ರಿಂದ ಐದು ಸಂಪುಟಗಳಲ್ಲಿ ಮತ್ತೆ ಬಂದಿವೆ.

ಹೊಸದಾಗಿ ಓದುವವರು ಎಲ್ಲಿಂದ ಶುರು ಮಾಡಬೇಕು ಅಂತ ಕೆಲವರು ಕೇಳುತ್ತಾರೆ. ಜೇಮ್ಸ್‌ನ ಶಿಳ್ಳೆ ಕಥೆಯಿಂದ ಶುರು ಮಾಡಿ, ಸಣ್ಣದು. ಆಮೇಲೆ ಹಾಜ್‌ಸನ್‌ನ 'ದಿ ವಾಯ್ಸ್ ಇನ್ ದಿ ನೈಟ್', ಕತ್ತಲ ಕಡಲಿನಲ್ಲಿ ದೋಣಿಯಿಂದ ಯಾರೋ ಆಹಾರ ಕೇಳುತ್ತಾರೆ, ಬೆಳಕು ಮಾತ್ರ ಹಿಡಿಯಬೇಡಿ ಅನ್ನುತ್ತಾರೆ. ಅದು ಹಿಡಿಸಿದರೆ ಲವ್‌ಕ್ರಾಫ್ಟ್‌ನ ಬಣ್ಣದ ಕಥೆ. ಇವೆಲ್ಲ ಹಕ್ಕುಸ್ವಾಮ್ಯ ಮುಗಿದವು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಕ್ತುಲು ಆಮೇಲೆ ನೋಡಿಕೊಳ್ಳಿ. ರೆಡ್ ಹುಕ್ ಓದದಿದ್ದರೂ ನಷ್ಟ ಇಲ್ಲ, ಕಥೆಯಾಗಿಯೂ ಅದು ಕಳಪೆ. ಮತ್ತೆ ಆ ಬಣ್ಣ ನಿಮಗೆ ಹೇಗೆ ಕಂಡಿತು ಅಂತ ಬರೆದು ತಿಳಿಸಿ. ನೇರಳೆ ಅಂದರೆ ನಾನು ಒಪ್ಪುವುದಿಲ್ಲ.